ವೇಟಿಂಗ್ ಲಿಸ್ಟಿನಲ್ಲಿದ್ದ ಬಂಗಾರ

ಬಂಗಾರಪೇಟೆ ಜಂಕ್ಷನ್

ಲಂಡನ್ನಿನಲ್ಲಿ ಏನೇನು ನೋಡಿದಿರಿ ಎಂದು ಫ್ಯಾಕ್ಟರಿಯಲ್ಲಿ ಎಲ್ಲರೂ ಕೇಳುತ್ತಾರೆ. ಗಡಿಯಾರದ ಗೋಪುರ ನೋಡಿದೆ, ಬಸ್ಸಿನ ಕಿಟಕಿಯಿಂದ. ಅರಮನೆಯ ಗೇಟು ನೋಡಿದೆ, ಅದೂ ಬಸ್ಸಿನ ಕಿಟಕಿಯಿಂದ, ಅರ್ಧ. ಉಳಿದ ಅರ್ಧಕ್ಕೆ ಇನ್ನೊಂದು ಬಸ್ಸು ಅಡ್ಡ ಬಂತು. ಮಿಕ್ಕ ಹೊತ್ತೆಲ್ಲ ನಾನು ಮತ್ತು ನಮ್ಮ ಮಾವ ಒಂದು ಮ್ಯೂಸಿಯಮ್ಮಿನ ಬಾಗಿಲಲ್ಲಿ ನಿಂತಿದ್ದೆವು. ಆದ್ದರಿಂದ ಈ ಬರಹದಲ್ಲಿ ಲಂಡನ್ ಕಡಿಮೆ, ಬಾಗಿಲು ಜಾಸ್ತಿ. ಓದುವವರು ಹೊಂದಿಕೊಳ್ಳಬೇಕು.

ನಾನು ದಾವಣಗೆರೆ ಕಡೆಯವಳು. ಕೆಜಿಎಫ್‌ನ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗಕ್ಕೆ ಕೆಲಸಕ್ಕೆ ಬಂದು, ಇಲ್ಲಿಯ ಹುಡುಗನನ್ನೇ ಮದುವೆಯಾಗಿ, ಇಲ್ಲಿಯವಳೇ ಆದೆ. ಮಾವ ಮುನಿವೆಂಕಟಪ್ಪ ಗಣಿ ಮುಚ್ಚುವವರೆಗೂ ಮೈಸೂರು ಮೈನ್ಸ್‌ನಲ್ಲಿ ಕಲ್ಲಿಗೆ ಡ್ರಿಲ್ ಹಾಕುತ್ತಿದ್ದವರು. ಅಷ್ಟು ವರ್ಷ ಚಿನ್ನದ ಗಣಿಯಲ್ಲಿ ದುಡಿದರೂ ಅಲ್ಲಿಯ ಚಿನ್ನವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಇದನ್ನು ಹೇಳಿದರೆ ನಮ್ಮ ತವರಿನವರು ನಂಬುವುದಿಲ್ಲ. ಗಣಿಯೆಂದರೆ ಗೋಡೆಯೆಲ್ಲ ಹಳದಿಯಾಗಿ ಹೊಳೆಯುತ್ತದೆ ಎಂದು ಅವರ ಲೆಕ್ಕ. ಕೆಳಗೆ ಇದ್ದದ್ದು ಕಪ್ಪು ಕಲ್ಲು, ಬಿಳಿ ಕಲ್ಲು, ಸೆಕೆ, ಬೆವರು. ಆ ಕಲ್ಲು ಮೇಲೆ ಬಂದು, ಮಿಲ್ಲಿಗೆ ಹೋಗಿ ಪುಡಿಯಾಗಿ, ಕರಗಿ, ಗಟ್ಟಿಯಾಗಿ, ಕಾವಲಿನ ಗಾಡಿಯಲ್ಲಿ ಹೊರಟುಹೋಗುತ್ತಿತ್ತು. ಕಲ್ಲು ಒಡೆದವರಿಗೆ ಕರೆದು ತೋರಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ನನ್ನ ನಾದಿನಿ ಸರೋಜ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಪ್ಪನನ್ನು ಒಮ್ಮೆ ಕರೆಸಿಕೊಳ್ಳಬೇಕೆಂದು ಅವಳಿಗೆ ಬಹಳ ಆಸೆ. "ಅಲ್ಲೇನದೆ ನೋಡಾಕೆ?" ಎಂದು ಮಾವ ತಳ್ಳಿಹಾಕುತ್ತಲೇ ಬಂದರು. ಒಂದು ದಿನ ಅವಳು ವಾಟ್ಸಾಪಿನಲ್ಲಿ ಪೋಸ್ಟರೊಂದರ ಫೋಟೋ ಕಳಿಸಿದಳು. ಅಲ್ಲಿಯ ದೊಡ್ಡ ಕಲಾ ಮ್ಯೂಸಿಯಮ್ಮಿನಲ್ಲಿ ಚಿನ್ನದ ವಿಶೇಷ ಪ್ರದರ್ಶನ. ಕಿರೀಟ, ಒಡವೆ, ಮುಖವಾಡ, ಎಲ್ಲ ಲೋಕದ ಬೇರೆ ಬೇರೆ ಕಡೆಯವು. ಕೆಳಗೆ ಸಣ್ಣ ಅಕ್ಷರದಲ್ಲಿ ಚಿನ್ನ ಬಂದ ಊರುಗಳ ಹೆಸರುಗಳಿದ್ದವು. ಅವುಗಳ ನಡುವೆ ಕೋಲಾರ ಇತ್ತು.

ಮಾವ ಆ ಫೋನನ್ನು ಹಿಡಿದುಕೊಂಡು ಕೆಜಿಎಫ್‌ನಲ್ಲೇ ಇರುವ ಉರಿಗಾಂನ ಟೀ ಅಂಗಡಿಗೆ ಹೋದರು. ಅಲ್ಲಿ ಏಳುಮಲೈ ಇರುತ್ತಾರೆ. ಗಣಿಯಲ್ಲಿ ಇಬ್ಬರೂ ಜೋಡಿ. ಒಬ್ಬರು ಡ್ರಿಲ್ ಹಿಡಿದರೆ ಇನ್ನೊಬ್ಬರು ಒತ್ತುವುದು. ಈಗ ಏಳುಮಲೈಗೆ ಕಲ್ಲಿನ ಧೂಳು ಎದೆಯಲ್ಲಿ ಕೂತಿದೆ, ಮನೆಯಿಂದ ಟೀ ಅಂಗಡಿಯವರೆಗೆ ಬರುವಷ್ಟು ಉಸಿರು ಮಾತ್ರ ಉಳಿದಿದೆ. ಅವರು ಪೋಸ್ಟರನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಮುನೀ, ನೀನು ಓಗ್ಲಾ. ನಮ್ಮ ಬಂಗಾರ ಎಂಗಿತ್ತು ಅಂತ ನೋಡ್ಕೊಂಡ್ಬಾ. ನಾನು ಓಗೋ ಮುಂಚೆ ಹೇಳು."

ಮಾವ ಮನೆಗೆ ಬಂದು ನನಗೆ, "ಅಮ್ಮಾ, ಟಿಕೆಟ್ ಮಾಡ್ಸು" ಎಂದರು.

ನಮ್ಮ ಮನೆಯಲ್ಲಿ ಟಿಕೆಟ್ ಖಾತೆ ನನ್ನದು. ತತ್ಕಾಲ್ ಬಾಗಿಲು ತೆರೆಯುವ ಹೊತ್ತಿಗೆ ಬೀದಿಯವರೆಲ್ಲ ನಮ್ಮ ಮನೆಯಲ್ಲಿರುತ್ತಾರೆ. ಗಂಡನಿಗೆ ರಜೆ ಸಿಗಲಿಲ್ಲ, ಆದ್ದರಿಂದ ಮಾವನ ಜೊತೆ ನಾನೇ ಹೋಗುವುದೆಂದಾಯಿತು. ವಿಮಾನದ್ದು ಸಲೀಸಾಗಿ ಆಯಿತು. ಮ್ಯೂಸಿಯಮ್ಮಿನ ಸೈಟಿನಲ್ಲಿ ಮಾತ್ರ ಪ್ರದರ್ಶನದ ಟಿಕೆಟ್ಟೆಲ್ಲ ಮುಗಿದಿವೆ ಎಂದಿತ್ತು. ಕೆಳಗೆ, ಹೆಸರು ಮತ್ತು ಈಮೇಲ್ ಕೊಟ್ಟರೆ ಟಿಕೆಟ್ ಬಿಡುಗಡೆಯಾದಾಗ ತಿಳಿಸುತ್ತೇವೆ ಎಂದಿತ್ತು. ಕೊಟ್ಟೆ. ಕೂಡಲೇ ಒಂದು ಮೇಲ್ ಬಂತು, ನಮ್ಮ ಹೆಸರು, ಅದರ ಕೆಳಗೊಂದು ಉದ್ದನೆಯ ನಂಬರು. ನನಗೆ ಅರ್ಥವಾಯಿತು. ಇದು ವೇಟಿಂಗ್ ಲಿಸ್ಟು.

ವೇಟಿಂಗ್ ಲಿಸ್ಟಿಗೆ ಹೆದರುವವರು ನಾವು ದೂರದ ರೈಲು ಹಿಡಿಯುವ ಬಂಗಾರಪೇಟೆಯಲ್ಲಿ ಯಾರೂ ಇಲ್ಲ. ಹೊರಡುವ ಹೊತ್ತಿಗೆ ಚಾರ್ಟ್ ಪ್ರಿಪೇರ್ ಆಗುತ್ತದೆ, ಯಾರೋ ಕ್ಯಾನ್ಸಲ್ ಮಾಡಿಸಿರುತ್ತಾರೆ, ಕನ್ಫರ್ಮ್ ಆಗುತ್ತದೆ. ಆ ಮೇಲನ್ನು ಸ್ಟೇಷನ್ನಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿದೆ. ಗಂಡ "ಕನ್ಫರ್ಮಾ?" ಎಂದು ಕೇಳಿದರು. "ಚಾರ್ಟ್ ಆಗ್ಲಿ ಇರಿ" ಎಂದೆ.

ದೇವನಹಳ್ಳಿ

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಾವನ ಸರದಿ ಬಂದಾಗ ಅವರು ಸಣ್ಣ ಕಟ್ಟೆಯ ಮೇಲೆ ಹತ್ತಿ, ಎರಡೂ ಕೈ ಅಗಲಿಸಿ ಮೇಲೆತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದರು. ಆಮೇಲೆ ಯಾರೂ ಹೇಳದೆಯೇ ಒಂದೊಂದೇ ಕಾಲು ಹಿಂದಕ್ಕೆ ಮಡಚಿ ಅಂಗಾಲು ತೋರಿಸಿದರು. ತಪಾಸಣೆಯ ಹುಡುಗ ಯಂತ್ರದ ಕೋಲನ್ನು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ.

ಗಣಿಯಲ್ಲಿ ಶಿಫ್ಟ್ ಮುಗಿಸಿ ಮೇಲೆ ಬಂದವರೆಲ್ಲ ಹೀಗೆ ನಿಲ್ಲಬೇಕಿತ್ತು. ಒಂದು ಚೂರು ಚಿನ್ನದ ಕಲ್ಲು ಬಾಯಲ್ಲೋ ಬಟ್ಟೆಯಲ್ಲೋ ಹೋಗಬಾರದೆಂದು ಮೈಯೆಲ್ಲ ತಡವುತ್ತಿದ್ದರು. ಮುಗಿದ ಮೇಲೆ ವಾಚ್‌ಮನ್ ತಮಿಳಿನಲ್ಲಿ "ಪೋ" ಅನ್ನುತ್ತಿದ್ದ. ಹೋಗು ಎಂದು. ಪೋ ಅನ್ನುವವರೆಗೆ ಕೈ ಇಳಿಸುವಂತಿರಲಿಲ್ಲ. ದೇವನಹಳ್ಳಿಯಲ್ಲೂ ಮಾವ ಕೈ ಇಳಿಸಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ನಾನೇ "ಆಯ್ತು ಮಾವ, ಬನ್ನಿ" ಎಂದೆ.

"ಒಳಿಕ್ಕೆ ಓಗೋವಾಗ ಯಾಕಮ್ಮಾ ಚೆಕಿಂಗು?" ಎಂದು ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದರು. "ಒಳಿಕ್ಕೆ ಓಗೋನ ಹತ್ರ ಏನಿರ್ತದೆ? ಈಚಿಗೆ ಬರೋವಾಗ ನೋಡ್ಬೇಕು."

ನಾನು ಟ್ರೇಯಿಂದ ಅವರ ಟವಲ್ ಎತ್ತಿಕೊಟ್ಟೆ.

ಲಂಡನ್, ಗುರುವಾರ

ಸರೋಜ ಡ್ಯೂಟಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ದಾರಿ ಬರೆದುಕೊಟ್ಟಳು. ನೆಲದೊಳಗಿನ ರೈಲು ಹಿಡಿಯಲು ಲಿಫ್ಟಿನಲ್ಲಿ ಇಳಿಯಬೇಕು. ನಾನು ಕಂಬಿ ಹಿಡಿದುಕೊಂಡೆ. ಮಾವನ ಮುಖ ಲಂಡನ್ನಿಗೆ ಬಂದ ಮೇಲೆ ಮೊದಲ ಸಲ ಅರಳಿತು. ಲಿಫ್ಟ್ ನಿಂತಾಗ ಅವರು ಅಲುಗಾಡಲಿಲ್ಲ.

"ಇಳೀರಿ ಮಾವ, ಬಂತು."

"ಇಷ್ಟೇನಾ? ಇಷ್ಟು ಕೆಳಗ್ಡೆ ನಾವು ಬೀಡಿ ಸೇದಾಕೂ ನಿಲ್ತಿರ್ಲಿಲ್ಲ."

ರೈಲಿನಲ್ಲಿ ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ನಮ್ಮ ಮಾರಿಕುಪ್ಪಂ ರೈಲಿನಲ್ಲಿ ಟೇಕಲ್ ಸ್ಟೇಷನ್ ಬರುವಷ್ಟರಲ್ಲಿ ಎದುರಿನವರ ಮಗಳಿಗೆ ಗಂಡು ಹುಡುಕಿ ಆಗಿರುತ್ತದೆ. ಇಲ್ಲಿ ಮಾವನೇ ಒಬ್ಬರ ಕಾಲು ತುಳಿದರು. ತುಳಿಸಿಕೊಂಡವನು ಸಾರಿ ಎಂದ. ಮಾವ ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ಏನೋ ತಪ್ಪು ಮಾಡವ್ನೆ" ಎಂದರು.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಒಬ್ಬಳು ನನ್ನ ಚೀಲ ತೆರೆದು ನೋಡಿದಳು. ಚಪಾತಿ ಡಬ್ಬಿ ನೋಡಿ ಮುಗುಳ್ನಕ್ಕಳು. ಮಾವನನ್ನು ಮುಟ್ಟಲಿಲ್ಲ. "ಈಚಿಗೆ ಬರೋವಾಗ ಅದೆ ಚೆಕಿಂಗು" ಎಂದರು ಮಾವ, ಸಮಾಧಾನವಾಗಿ.

ಕೌಂಟರಿನಲ್ಲಿ ಹಸಿರು ಕೂದಲಿನ ಹುಡುಗಿ. ನಾನು ಲ್ಯಾಮಿನೇಷನ್ ಮಾಡಿಸಿದ ಹಾಳೆ ಕೊಟ್ಟೆ. ಅವಳು ಎರಡೂ ಕಡೆ ನೋಡಿದಳು. ಬಹಳ ಚೆನ್ನಾಗಿದೆ ಎಂದಳು. ಆದರೆ ಇದು ಟಿಕೆಟ್ ಅಲ್ಲ ಎಂದಳು.

"ಗೊತ್ತು. ಚಾರ್ಟ್ ಎಷ್ಟು ಹೊತ್ತಿಗೆ ಆಗುತ್ತೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

ಅವಳಿಗೆ ಚಾರ್ಟ್ ಗೊತ್ತಿರಲಿಲ್ಲ. ಹಿರಿಯ ನಾಗರಿಕರ ಕೋಟಾ ಕೇಳಿದೆ. ಇರಲಿಲ್ಲ. ಲೇಡೀಸ್ ಕೋಟಾ ಇರಲಿಲ್ಲ. ಎಮರ್ಜೆನ್ಸಿ ಕೋಟಾ ಎಂದಾಗ ಅವಳು ಗಾಬರಿಯಾಗಿ, ಯಾರಿಗಾದರೂ ಹುಷಾರಿಲ್ಲವೇ ಎಂದು ಕೇಳಿ ಫೋನಿಗೆ ಕೈಹಾಕಿದಳು. ಆ ಹಾಳೆಗೆ ಅರ್ಥ ಇಷ್ಟೇ ಎಂದು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು: ನಿಮಗೆ ಆಸಕ್ತಿ ಇದೆ ಎಂದು ನಮಗೆ ಗೊತ್ತಾಗಿದೆ. ಅಷ್ಟೇ. ನಮ್ಮ ಆಸಕ್ತಿಯನ್ನು ನಾನು ಲ್ಯಾಮಿನೇಷನ್ ಮಾಡಿಸಿಕೊಂಡು ಸಮುದ್ರ ದಾಟಿದ್ದೆ.

ಪ್ರದರ್ಶನ ಭಾನುವಾರ ಮುಗಿಯುತ್ತದೆ. ಪ್ರತಿ ಬೆಳಿಗ್ಗೆ ಬಾಗಿಲು ತೆರೆಯುವಾಗ ಒಂದಿಷ್ಟು ಟಿಕೆಟ್ ಅಲ್ಲೇ ಕೊಡುತ್ತಾರೆ, ಬೇಗ ಬಂದು ಸಾಲಿನಲ್ಲಿ ನಿಲ್ಲಿ ಎಂದು ಅವಳು ಹೇಳಿದಳು. ಮಾವನಿಗೆ ಏನು ಹೇಳುವುದು? "ಇವತ್ತಿಲ್ಲವಂತೆ, ನಾಳೆ" ಎಂದೆ. ನನ್ನ ದನಿ ನನಗೇ ಬೇರೆಯವರ ದನಿಯಂತೆ ಕೇಳಿತು.

ಬಂದ ತಪ್ಪಿಗೆ ಬಿಟ್ಟಿ ಕೋಣೆಗಳನ್ನು ನೋಡಿದೆವು. ಇಲ್ಲಿಯ ಜನ ಚಿತ್ರ ನೋಡುವುದಕ್ಕಿಂತ ಪಕ್ಕದ ಚೀಟಿ ಓದುವುದು ಜಾಸ್ತಿ. ಮಾವ ಚಿತ್ರವನ್ನೂ ಚೀಟಿಯನ್ನೂ ಬಿಟ್ಟು ಚೌಕಟ್ಟು ನೋಡಿದರು. ಎಲ್ಲ ಚೌಕಟ್ಟಿಗೂ ಚಿನ್ನದ ಬಣ್ಣ. "ಇದು ನಮ್ದಾ?" ಎಂದು ಪ್ರತಿಯೊಂದಕ್ಕೂ ಕೇಳಿದರು. ಆಮೇಲೆ ಒಂದು ದೊಡ್ಡ ಚಿತ್ರದ ಎದುರು ಬೆಂಚಿನ ಮೇಲೆ ಕೂತವರು ಏಳಲೇ ಇಲ್ಲ. ಮೋಡ, ಹಸು, ಹೊಳೆ ಇದ್ದ ಚಿತ್ರ. ಅವರು ಅಷ್ಟು ಹೊತ್ತು ಅಲುಗದೆ ನೋಡುವುದನ್ನು ಕಂಡು ಇಬ್ಬರು ಹೆಂಗಸರು ಪಿಸುಮಾತಿಗೆ ಇಳಿದರು. ಕಣ್ಣು ಅರೆತೆರೆದು ನಿದ್ದೆ ಮಾಡುವುದು ಮಾವನಿಗೆ ನೈಟ್ ಶಿಫ್ಟಿನ ಕಾಲದಿಂದ ರೂಢಿ. ನಾನು ಹೇಳಲು ಹೋಗಲಿಲ್ಲ.

ಶುಕ್ರವಾರ, ಟವಲ್ಲು

ಬೆಳಿಗ್ಗೆ ಬೇಗನೆ ಹೋದೆವು. ಆಗಲೇ ಸಾಲಿತ್ತು, ಆದರೆ ಹನುಮಂತನ ಬಾಲವೇನಲ್ಲ. ಸಿಗುವ ಸಾಧ್ಯತೆ ಇತ್ತು. ಇಲ್ಲಿಯ ಸಾಲಿನಲ್ಲಿ ಇಬ್ಬರ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಯಾರೂ ಬಂದು ನಿಲ್ಲುವುದಿಲ್ಲ. ಇದನ್ನು ನಾನು ಬಂಗಾರಪೇಟೆಯಲ್ಲಿ ಹೇಳಿದರೆ, ಆ ಜಾಗ ಮತ್ತೆ ಯಾಕೆ ಬಿಡುತ್ತಾರೆ ಎಂದು ಕೇಳುತ್ತಾರೆ.

ಚಳಿಗೆ ಮಾವನಿಗೆ ಒಂದಕ್ಕೆ ಅವಸರವಾಯಿತು. ಒಬ್ಬರನ್ನೇ ಕಳಿಸುವಂತಿಲ್ಲ, ಬೋರ್ಡು ಓದಲು ಬರುವುದಿಲ್ಲ. ನಾನು ಯೋಚಿಸುವಷ್ಟರಲ್ಲಿ ಮಾವ ಹೆಗಲ ಮೇಲಿನ ಟವಲ್ ತೆಗೆದು, ನಾವು ನಿಂತ ಜಾಗದ ಕಂಬಿಗೆ ಹಾಕಿ, ಅದರ ಮೇಲೆ ಒಮ್ಮೆ ಕೈಯಾಡಿಸಿ, "ನಡಿಯಮ್ಮಾ" ಎಂದರು. ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ನಮ್ಮ ರೈಲಿಗೆ ಕಿಟಕಿಯಿಂದ ಟವಲ್ ಹಾಕಿದರೆ ಆ ಸೀಟು ಹಾಕಿದವರದ್ದು. ಹಿಂದಿನವರಿಗೆ ಹೇಳುವ ಅಗತ್ಯವೇ ಇಲ್ಲ, ಟವಲ್ಲೇ ಹೇಳುತ್ತದೆ.

ವಾಪಸ್ ಬಂದಾಗ ಕಂಬಿ ಖಾಲಿ. ಸಾಲು ಮುಂದೆ ಸರಿದು, ನಮ್ಮ ಜಾಗ ಯಾವುದೆಂದೇ ತಿಳಿಯದಂತೆ ಮುಚ್ಚಿಕೊಂಡಿತ್ತು. ನಮ್ಮ ಹಿಂದೆ ನಿಂತಿದ್ದ ಕನ್ನಡಕದ ಮನುಷ್ಯ ನಮ್ಮನ್ನು ಕಂಡು ಕೈ ಬೀಸಿದ. ಯಾರದೋ ಶಾಲು ಬಿದ್ದಿತ್ತು, ನಿಮ್ಮದೇ ಇರಬೇಕು, ಕಳೆದ ವಸ್ತುಗಳ ಕೋಣೆಗೆ ತಲುಪಿಸಿ ಬಂದೆ ಎಂದ. ಅದಕ್ಕಾಗಿ ತನ್ನ ಜಾಗವನ್ನೂ ಬಿಟ್ಟು ಹೋಗಿ ಬಂದಿದ್ದನಂತೆ. ಅವನ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಸಂತೋಷ ಎಷ್ಟಿತ್ತೆಂದರೆ ನಾನು ಎರಡು ಸಲ ಥ್ಯಾಂಕ್ಸ್ ಹೇಳಿದೆ.

ಕಳೆದ ವಸ್ತುಗಳ ಕೋಣೆಯವನು ಬಹಳ ನಿಧಾನಸ್ಥ. ಬಣ್ಣ ಕೇಳಿದ. ಬಿಳಿ, ಕೆಂಪು ಅಂಚು. ಗುರುತು ಕೇಳಿದ. ಮೂಲೆಯಲ್ಲಿ ಬೀಡಿ ಸುಟ್ಟ ತೂತು. ಅವನು ಒಳಗೆ ಹೋಗಿ, ಟವಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದು, ಎರಡೂ ಕೈಯಲ್ಲಿ ಹಿಡಿದು, ಅಭಿನಂದಿಸುವಂತೆ ಕೊಟ್ಟ. ಆ ಹೊತ್ತಿಗೆ ಹೊರಗೆ ಟಿಕೆಟ್ ಮುಗಿದಿದ್ದವು.

ಮಾವನಿಗೆ ಟಿಕೆಟ್ಟಿಗಿಂತ ಟವಲ್ಲಿನ ನೋವು ದೊಡ್ಡದಾಯಿತು. "ಟವಲ್ ತೆಗೆಯೋ ಜನಾನಾ ಇವ್ರು!" ಎಂದು ಮೆಟ್ಟಿಲ ಮೇಲೆ ಕೂತರು. ನಾನು ಚಪಾತಿ ಡಬ್ಬಿ ತೆಗೆದೆ. ಆಗ ಫೋನು ಬಂತು. ಊರಲ್ಲಿ ಸಂಜೆಯ ಟೀ ಹೊತ್ತು. ವೀಡಿಯೋದಲ್ಲಿ ಏಳುಮಲೈ ಮುಖದ ಅರ್ಧವೂ ಟೀ ಅಂಗಡಿಯ ಮಾಡಿನ ತಗಡೂ ಕಂಡವು.

"ಎನ್ನಾ ಮುನೀ, ನೋಡಿದ್ಯಾ?"

"ನಾಳಿಕೆ ನೋಡ್ತೀನಿ ಕಣ್ಲಾ. ಇವತ್ತು ಬಲೇ ರಷ್ಷು."

"ನೋಡ್ತೀಯ ತಾನೇ?" ಅಷ್ಟು ಮಾತಿಗೆ ಏಳುಮಲೈ ಎರಡು ಸಲ ಉಸಿರು ಎಳೆದುಕೊಂಡರು. ಅದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ನೋಡ್ತೀನಿ ಅಂದ್ನಲ್ಲ."

ಮಾವ ಫೋನು ನನ್ನ ಕೈಗೆ ಕೊಟ್ಟು, ಬೀದಿಯ ಕಡೆ ನೋಡುತ್ತಾ, "ಪೋನೀಲೇ ಅಮ್ಮಾ, ನೀನೇನು ಮಾಡ್ತೀಯ" ಎಂದರು. ಪೋನೀಲೇ ಎಂದರೆ ತೆಲುಗಿನಲ್ಲಿ ಹೋಗಲಿ ಬಿಡು ಎಂದು. ಬೈದಿದ್ದರೆ ವಾಸಿಯಿತ್ತು. ನನಗೆ ಅಳು ಬಂತು. ಜೆರಾಕ್ಸ್ ಅಂಗಡಿಯಲ್ಲಿ ಆ ಹಾಳೆಯನ್ನು ಎಷ್ಟು ಠೀವಿಯಿಂದ ಹಿಡಿದುಕೊಂಡು ಬಂದಿದ್ದೆ ಎಂಬುದು ನೆನಪಾಗಿ ಇನ್ನೂ ಅಳು ಬಂತು. ದಾರಿಹೋಕರೊಬ್ಬರು ನನ್ನನ್ನು ನೋಡಿ ಸಾರಿ ಎಂದು ಹೋದರು.

ಶನಿವಾರ, ಪಾಸು

ಸರೋಜಳಿಗೆ ಅಂದು ರಜೆ. ವಿಷಯ ಕೇಳಿದವಳೇ, "ಅಯ್ಯೋ ಅತ್ತಿಗೆ, ಮೆಂಬರ್ ಆದ್ರೆ ಟಿಕೆಟ್ಟೇ ಬೇಡ, ಸೀದಾ ಬಿಡ್ತಾರೆ. ಜೊತೇಲಿ ಒಬ್ರನ್ನ ಗೆಸ್ಟ್ ಅಂತ ಕರ್ಕೊಂಡೂ ಹೋಗ್ಬೋದು" ಎಂದಳು. ಇದನ್ನು ಗುರುವಾರವೇ ಹೇಳಬಾರದಿತ್ತೇ ಎಂದರೆ, ವರ್ಷದ ಮೆಂಬರ್‌ಶಿಪ್ಪು, ನೀವು ಇರೋದು ಒಂದು ವಾರ, ಅದಕ್ಕೇ ಎಂದಳು. ಒಂದು ಗಾಜಿನ ಪೆಟ್ಟಿಗೆ ನೋಡಲು ಪರದೇಶದ ಕಲಾ ಮ್ಯೂಸಿಯಮ್ಮಿಗೆ ಇಡೀ ವರ್ಷ ಸದಸ್ಯರಾಗುವುದು ನನಗೂ ಸ್ವಲ್ಪ ಅತಿ ಅನ್ನಿಸಿತು. ಮಾವನಿಗೆ ಅನ್ನಿಸಲಿಲ್ಲ.

"ಪಾಸ್ ಮಾಡ್ಸೋದು ತಾನೇ? ಮಾಡ್ಸು. ಪಾಸ್ ಇರೋನ್ನ ಯಾರೂ ಕೇಳಂಗಿಲ್ಲ."

ನಮ್ಮ ಕಡೆ ಸೀಸನ್ ಪಾಸಿಗೆ ಇರುವ ಮರ್ಯಾದೆ ಪದವಿಗೂ ಇಲ್ಲ. ಬೆಳಗಿನ ರೈಲಿನಲ್ಲಿ ಪಾಸಿನವರು ಕೂತಲ್ಲಿ ಬೇರೆಯವರು ನಿಲ್ಲುವುದಕ್ಕೂ ಯೋಚಿಸುತ್ತಾರೆ. ಪಾಸು ಮಾವನ ಹೆಸರಿಗೆ, ನಾನು ಗೆಸ್ಟು ಎಂದು ತೀರ್ಮಾನಿಸಿಕೊಂಡು ಹೊರಟೆವು. ಗೆಸ್ಟ್ ಒಬ್ಬರೇ ಆದ್ದರಿಂದ ಸರೋಜ ಮನೆಯಲ್ಲೇ ಉಳಿದಳು.

ಸದಸ್ಯರ ಕೌಂಟರಿನಲ್ಲಿ ಮುತ್ತಿನ ಸರ ಹಾಕಿದ ಹಿರಿಯ ಹೆಂಗಸು. ಮೊದಲ ಹೆಸರು, ಕೊನೆಯ ಹೆಸರು ಕೇಳಿದರು. ಮುನಿವೆಂಕಟಪ್ಪ ಎಂಬುದು ಎರಡಕ್ಕೂ ಸಾಲುವಷ್ಟು ಉದ್ದವಿತ್ತು, ಅವರು ನಡುವೆ ಮುರಿದು ಬರೆದುಕೊಂಡರು. ನಿಮಗೆ ಯಾವ ಬಗೆಯ ಕಲೆ ಇಷ್ಟ, ಶಿಲ್ಪವೋ ಹಳೆಯ ಚಿತ್ರಗಳೋ ಎಂದು ಕೇಳಿದರು. ನಾನು ಮಾವನಿಗೆ ಹೇಳಿದೆ.

"ಕಲ್ಲು ಅನ್ನು" ಎಂದರು ಮಾವ.

ಶಿಲ್ಪ ಎಂದು ಬರೆದುಕೊಂಡರು. ಕಾರ್ಡು ಕೈಗಿಟ್ಟು, ನಮ್ಮ ಕುಟುಂಬಕ್ಕೆ ಸ್ವಾಗತ ಎಂದರು. ಅದನ್ನೂ ಹೇಳಿದೆ. ಮಾವ ಗಂಭೀರವಾಗಿ, "ಮನೇಲಿ ಎಲ್ರೂ ಚೆನ್ನಾಗವ್ರಾ ಕೇಳಮ್ಮ" ಎಂದರು. ಕೇಳಿದೆ. ಆ ಹೆಂಗಸು ಪೆನ್ನು ಕೆಳಗಿಟ್ಟು, ತಮ್ಮ ಗಂಡನಿಗೆ ಮಂಡಿನೋವು, ಮಿಕ್ಕಂತೆ ಚೆನ್ನಾಗಿದ್ದಾರೆ ಎಂದರು.

ಸೀದಾ ಬಿಡುತ್ತಾರೆ ಎಂದು ಸರೋಜ ಹೇಳಿದ್ದು ನಿಜ. ಆದರೆ ಕೊನೆಯ ಶನಿವಾರ ಊರಿನ ಸದಸ್ಯರೆಲ್ಲ ಸೀದಾ ಹೋಗಲು ಬಂದಿದ್ದರು. ಟಿಕೆಟ್ಟಿನವರ ಸಾಲು ಚಿಕ್ಕದು, ಸದಸ್ಯರ ಸಾಲು ಮೆಟ್ಟಿಲಿಳಿದು ತಿರುಗಿತ್ತು. ಮಾವನಿಗೆ ಇದು ಸರಿಯಾಗಿಯೇ ಕಂಡಿತು. ಸೋಮವಾರದ ಬೆಂಗಳೂರು ರೈಲಿನಲ್ಲೂ ಪಾಸಿನವರೇ ಜಾಸ್ತಿ. ಕಾರ್ಡನ್ನು ಅಂಗೈಯಲ್ಲಿ ಹೊರಮುಖವಾಗಿ ಹಿಡಿದುಕೊಂಡು, ಟವಲನ್ನು ಹೆಗಲಿಗೆ ಭದ್ರವಾಗಿ ಗಂಟು ಹಾಕಿ ನಿಂತರು. ಈ ಸಲ ಒಂದಕ್ಕೆ ಹೋಗುವ ಮಾತೇ ಎತ್ತಲಿಲ್ಲ.

ಒಳಗೆ

ಕೋಣೆಗಳಲ್ಲಿ ಕತ್ತಲು, ಪೆಟ್ಟಿಗೆಗಳಲ್ಲಿ ಮಾತ್ರ ಬೆಳಕು. ಮಾವನಿಗೆ ಕಣ್ಣು ಹೊಂದಿಸಿಕೊಳ್ಳಲು ಹೊತ್ತು ಬೇಕಾಗಲಿಲ್ಲ, ನಾನೇ ಎಡವಿದೆ. ಕಿರೀಟಗಳಿದ್ದವು, ಎಲೆಯಂತೆ ತೆಳುವಾದ ಮುಖವಾಡಗಳಿದ್ದವು, ಯಾವುದೋ ರಾಣಿಯ ಕಾಲುಂಗುರಗಳಿದ್ದವು. ಮಾವ ಯಾವುದನ್ನೂ ನೋಡದೆ ನಡೆದರು. ಪ್ರತಿ ಪೆಟ್ಟಿಗೆಯ ಬಳಿ ನನ್ನನ್ನು ಮಾತ್ರ ನಿಲ್ಲಿಸಿ, "ನಮ್ದಾ?" ಎಂದು ಕೇಳುವುದು, ನಾನು ಚೀಟಿ ಓದಿ "ಅಲ್ಲ" ಎನ್ನುವುದು, ಮುಂದೆ ಹೋಗುವುದು.

ನಮ್ಮದು ಕೊನೆಯ ಕೋಣೆಯ ಮೂಲೆಯಲ್ಲಿತ್ತು. ಅದರ ಮುಂದೆ ಜನ ಇರಲಿಲ್ಲ. ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣದಷ್ಟು ಉದ್ದದ ಒಂದು ಗಟ್ಟಿ, ಕಪ್ಪು ಬಟ್ಟೆಯ ಮೇಲೆ. ಚೀಟಿಯಲ್ಲಿ ಚಿನ್ನ, ಕೋಲಾರ, ಮೈಸೂರು ಸಂಸ್ಥಾನ ಎಂದಿತ್ತು. ಆಮೇಲೆ ತೂಕ, ಆಮೇಲೆ ಕೊಟ್ಟವರ ಹೆಸರು.

"ಇದೇ ಮಾವ."

ಮಾವ ಮುಂದೆ ಬಾಗಿದರು. ಗಾಜಿನ ಮೇಲೆ ಅವರ ಉಸಿರಿನ ಮಂಜು ಕೂತಿತು. ಟವಲ್ಲಿನಿಂದ ಒರೆಸಿ ಮತ್ತೆ ನೋಡಿದರು. ಮತ್ತೆ ಮಂಜು. ಕಾವಲಿನವಳೊಬ್ಬಳು ಬಂದು ಸ್ವಲ್ಪ ಹಿಂದೆ ನಿಲ್ಲಿ ಎಂದಳು. ನಿಂತರು.

"ಯಾವ ಶಾಫ್ಟು ಅಂತ ಬರ್ದವ್ರಾ?" ಗಣಿಗೆ ಇಳಿಯುವ ಯಾವ ಬಾವಿಯದು ಎಂದು.

"ಇಲ್ಲ ಮಾವ."

"ಬರೀಬೇಕಿತ್ತು."

ಆಮೇಲೆ ಅಲುಗದೆ ನೋಡುತ್ತಾ ನಿಂತರು. ನಿದ್ದೆ ಮಾಡುತ್ತಿದ್ದಾರೆಯೇ ಎಂದು ಬಗ್ಗಿ ನೋಡಿದೆ. ಕಣ್ಣು ಪೂರ್ತಿ ತೆರೆದಿದ್ದವು.

"ಅಂಗಾರೆ ಇತ್ತು ಅನ್ನು" ಎಂದರು ಮಾವ.

ಏನು ಮಾವ ಎಂದೆ.

"ಬಂಗಾರ. ಕೆಳಗಡೆ ನಿಜವಾಗ್ಲೂ ಇತ್ತು. ನಾನೂ ಏಳುಮಲೈನೂ ಒಂದೊಂದ್ಸಲ ಮಾತಾಡ್ಕೊಂತಿದ್ವಿ, ಇವ್ರು ಸುಮ್ಕೆ ಕಲ್ಲು ಒಡಿಸ್ತಾವ್ರಾ ಅಂತ."

ಏಳುಮಲೈಗೆ ತೋರಿಸಲು ಫೋಟೋ ತೆಗೆಯೋಣವೆಂದು ಫೋನೆತ್ತಿದೆ. ಕಾವಲಿನವಳು ತಲೆಯಲ್ಲಾಡಿಸಿದಳು. ಈ ಪ್ರದರ್ಶನದಲ್ಲಿ ಫೋಟೋ ತೆಗೆಯುವಂತಿಲ್ಲ. ಮಾವ, "ಬಿಡು, ಬಾಯಲ್ಲೇ ಹೇಳ್ತೀನಿ" ಎಂದು ಇನ್ನೊಂದಷ್ಟು ಹೊತ್ತು ನಿಂತು ನೋಡಿದರು.

ಹೊರಗೆ

ಹೊರಹೋಗುವ ಬಾಗಿಲಲ್ಲಿ ಕಪ್ಪು ಸೂಟಿನ ದೈತ್ಯನಂಥ ಕಾವಲುಗಾರ ನಿಂತಿದ್ದ. ಜನ ಅವನ ಪಕ್ಕದಲ್ಲೇ ಹಾದು, ಆಚೆಯ ಅಂಗಡಿಗೆ ಹೋಗುತ್ತಿದ್ದರು. ನಾನೂ ಹಾದೆ. ಹಿಂದೆ ನೋಡಿದರೆ ಮಾವ ಬಂದಿರಲಿಲ್ಲ.

ಮಾವ ಆ ಕಾವಲುಗಾರನ ಎದುರು ನಿಂತಿದ್ದರು. ಕಾರ್ಡನ್ನು ಜೇಬಿಗಿಟ್ಟು, ಎರಡೂ ಕೈ ಅಗಲಿಸಿ ಮೇಲೆತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದಿದ್ದರು.

ಚಿನ್ನವಿದ್ದ ಜಾಗದಿಂದ ಹೊರಗೆ ಬಂದಿದ್ದಾರೆ, ಚೆಕಿಂಗ್ ಇರಲೇಬೇಕು. ನಾನು ಓಡಿಹೋಗಿ ಇಂಗ್ಲಿಷಿನಲ್ಲಿ ಹೇಳಬೇಕೆಂದುಕೊಂಡೆ. ಎಲ್ಲಿಂದ ಶುರು ಮಾಡುವುದೆಂದು ತಿಳಿಯಲಿಲ್ಲ. ಕಾವಲುಗಾರ ಆ ಕಡೆ ಈ ಕಡೆ ನೋಡಿದ. ಮಾವ ಕೈ ಇಳಿಸಲಿಲ್ಲ. ಹಿಂದಿನವರೂ ನಿಂತರು, ಇಬ್ಬರ ನಡುವೆ ಒಬ್ಬರ ಜಾಗ ಬಿಟ್ಟುಕೊಂಡು. ಆಮೇಲೆ ಆ ಮನುಷ್ಯ ಏನೋ ಅರ್ಥವಾದವನ ಹಾಗೆ ಒಂದು ಹೆಜ್ಜೆ ಮುಂದೆ ಬಂದು, ಬಾಗಿ, ಮಾವನನ್ನು ಅಪ್ಪಿಕೊಂಡ.

ಬರೀ ಶಿಷ್ಟಾಚಾರಕ್ಕೆ ಅಪ್ಪಿದ ಹಾಗಿರಲಿಲ್ಲ. ಮಾವನ ತಲೆ ಅವನ ಎದೆಯ ಗುಂಡಿಗೆ ತಾಗಿತ್ತು. ಅವನು ಬೆನ್ನಿನ ಮೇಲೆ ಮೆಲ್ಲಗೆ ತಟ್ಟಿದ, ಬಿಟ್ಟು, ಮಾವನ ಮುಖ ನೋಡಿ ನಕ್ಕ. "ಎಂಜಾಯ್ ಯುವರ್ ಡೇ, ಸರ್" ಎಂದ. ಮಾವ ಅದನ್ನೇ ಪೋ ಎಂದು ತಿಳಿದು ಕೈ ಇಳಿಸಿ ನಡೆದುಬಂದರು.

ಅಂಗಡಿಯಲ್ಲಿ ಚಿನ್ನದ ಬಣ್ಣದ ಪೆನ್ಸಿಲ್ಲು, ಚಿನ್ನದ ಬಣ್ಣದ ಸಾಕ್ಸು ಮಾರುತ್ತಿದ್ದರು. ನಾವು ಏನೂ ಕೊಳ್ಳಲಿಲ್ಲ. ಬೀದಿಗೆ ಬಂದ ಮೇಲೆ ಮಾವ, "ಇವ್ರ ಚೆಕಿಂಗು ಬೇರೆ ತರ" ಎಂದರು.

"ಹೌದು ಮಾವ."

"ನಮ್ಮಲ್ಲಿ ಮೈಯೆಲ್ಲಾ ಮುಟ್ಟೋರು. ಮುಖ ನೋಡ್ತಿರ್ಲಿಲ್ಲ."

ಅದು ಚೆಕಿಂಗ್ ಅಲ್ಲವೆಂದು ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ.

ಉರಿಗಾಂ

ಊರಿಗೆ ಬಂದ ಮೇಲೆ ಮಾವ ಸದಸ್ಯತ್ವದ ಕಾರ್ಡನ್ನು ಒಮ್ಮೆ ಬಂಗಾರಪೇಟೆ ರೈಲಿನಲ್ಲಿ ಟಿಸಿಗೆ ತೋರಿಸಿದರು. ಅವನು ಬಹಳ ಹೊತ್ತು ಓದಿ, ಟಿಕೆಟ್ ಕೇಳಿದ. ನನ್ನ ಈಮೇಲಿಗೆ ಮ್ಯೂಸಿಯಮ್ಮಿನಿಂದ ವಾರ ವಾರವೂ ಪತ್ರ ಬರುತ್ತದೆ. ಪ್ರಿಯ ಸದಸ್ಯರೇ, ಈ ಗುರುವಾರ ಸಂಜೆ ಶಿಲ್ಪದ ಬಗ್ಗೆ ಉಪನ್ಯಾಸವಿದೆ, ಬನ್ನಿ ಎಂದು. ಮಾವ ಅದನ್ನು ಓದಿಸಿಕೊಂಡು, ಈ ಗುರುವಾರ ಆಗುವುದಿಲ್ಲ ಎನ್ನುತ್ತಾರೆ.

ಬಂದ ದಿನ ಮಾತ್ರ ಮಾವ ಚೀಲ ಇಳಿಸಿದವರೇ ಟೀ ಅಂಗಡಿಗೆ ಹೊರಟರು. ನಾನೂ ಹೋದೆ. ಏಳುಮಲೈ ಆಗಲೇ ಬಂದು ಬೆಂಚಿನ ಮೇಲೆ ಕೂತಿದ್ದರು. ವಾರದಲ್ಲಿ ಇನ್ನೂ ಇಳಿದುಹೋಗಿದ್ದರು.

"ಹೇಳು" ಎಂದರು.

"ಇಷ್ಟುದ್ದ" ಎಂದು ಮಾವ ಬೆರಳಲ್ಲಿ ತೋರಿಸಿದರು. "ಬಿಸ್ಕತ್ ಪಾಕೀಟು."

"ಅಷ್ಟೇನಾ?"

"ಒಂದೇ ಇಟ್ಟವ್ರೆ. ಮಿಕ್ಕಿದ್ದೆಲ್ಲ ಎಲ್ಲೈತೋ."

"ಬಣ್ಣ?"

ಮಾವ ಹೊರಗೆ ನೋಡಿದರು. ಗಣಿಯ ಮಣ್ಣಿನ ಗುಡ್ಡದ ಮೇಲೆ ಇಳಿಬಿಸಿಲು ಬಿದ್ದಿತ್ತು. ಕಲ್ಲು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣನ್ನೇ ಸುರಿದು ಸುರಿದು ಆದ ಗುಡ್ಡ ಅದು. "ಅಗೋ, ಅಂಗೆ" ಎಂದರು. ಏಳುಮಲೈ ತಿರುಗಿ ನೋಡಿದರು. ದಿನಾ ನೋಡುವ ಗುಡ್ಡವೇ. ಬಿಸಿಲು ಜಾರುವವರೆಗೂ ನೋಡಿದರು.

"ಈಚಿಗೆ ಬರೋವಾಗ ಚೆಕ್ ಮಾಡಿದ್ರಾ?"

"ಮಾಡ್ದೆ ಬಿಡ್ತಾರಾ?"

"ಎಂಗೆ ಮಾಡಿದ್ರು?"

"ಎದ್ದೇಳ್ಲಾ. ತೋರಿಸ್ತೀನಿ. ಕೈ ಎತ್ತು."

ಏಳುಮಲೈ ಬೆಂಚು ಹಿಡಿದು ಎದ್ದರು. ಎರಡೂ ಕೈ ಅಗಲಿಸಿ ಎತ್ತಿದರು. ಕಣ್ಣು ಮುಚ್ಚಿದರು. ಯಾರೂ ಹೇಳದಿದ್ದರೂ ಬಾಯಿ ತೆರೆದರು. ಮಾವ ಹತ್ತಿರ ಹೋಗಿ ಅವರನ್ನು ಅಪ್ಪಿಕೊಂಡರು. ಏಳುಮಲೈ ಎದೆಯೊಳಗಿನ ಸೀಟಿಯಂಥ ಸದ್ದು ನನಗೂ ಕೇಳುತ್ತಿತ್ತು. ಅಷ್ಟು ವರ್ಷ ಒಂದೇ ಡ್ರಿಲ್ ಹಿಡಿದವರು ಒಬ್ಬರನ್ನೊಬ್ಬರು ಹೀಗೆ ಹಿಡಿದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ.

ಏಳುಮಲೈ ಕಣ್ಣು ಮುಚ್ಚಿಕೊಂಡೇ, ಕೈ ಎತ್ತಿಕೊಂಡೇ ಕಾದರು. ಸ್ವಲ್ಪ ಹೊತ್ತಾದ ಮೇಲೆ, "ಮುನೀ, ಪೋ ಅನ್ನು. ಟೀ ಆರೋಗ್ತದೆ" ಎಂದರು.

ಮಾವ ಅನ್ನಲಿಲ್ಲ.